ಮಾಥೇರಾನದ ಕುದುರೆಯೂ ಕುದುರೆಯವನೂ

ಮುಂಬಯಿಯಲ್ಲಿ ದುಡಿಯುವ ನಮ್ಮವರಿಗೆ ರಜೆಯೆಂದರೆ ಊರಿಗೆ ಹೋಗುವ ರಜೆಯೇ. ವರ್ಷಕ್ಕೊಮ್ಮೆ ದೊರೆಯುವ ಆ ಕೆಲವು ದಿನಗಳನ್ನು ಬಿಟ್ಟರೆ ಉಳಿಯುವುದು ಭಾನುವಾರ ಮಾತ್ರ. ಅಂಥ ಒಂದು ಭಾನುವಾರವನ್ನು ನಾಲ್ಕಾರು ಗೆಳೆಯರು ಕೂಡಿ ಮಾಥೇರಾನಕ್ಕೆ ಮೀಸಲಿಡುವ ರೂಢಿ ನಮ್ಮ ಚಾಳುಗಳಲ್ಲಿಯೂ ಖೋಲಿಗಳಲ್ಲಿಯೂ ಇದೆ. ದಾರಿ ಸುಲಭ. ಕರ್ಜತ್ ಕಡೆಯ ಲೋಕಲ್ ಗಾಡಿ ಹತ್ತಿ ನೇರಳ್ ನಿಲ್ದಾಣದಲ್ಲಿ ಇಳಿದರೆ, ಅಲ್ಲಿಂದ ಟ್ಯಾಕ್ಸಿ ಘಾಟಿ ಏರಿ ದಸ್ತೂರಿ ನಾಕಾದವರೆಗೆ ಒಯ್ಯುತ್ತದೆ. ಅದರಾಚೆಗೆ ಮೋಟಾರು ಹೋಗಕೂಡದು. ಪೇಟೆಗೆ ಇನ್ನೂ ಸುಮಾರು ಎರಡೂವರೆ ಕಿಲೋಮೀಟರು ಉಂಟು.

ಟ್ಯಾಕ್ಸಿಯಿಂದ ಇಳಿದವರನ್ನು ಮೊದಲು ಮುತ್ತುವವರು ಕುದುರೆಯವರು. 'ಘೋಡಾ ಪಾಹಿಜೇ ಕಾ' ಎಂದು ಕೇಳುತ್ತಾರೆ. ನಮ್ಮ ಗುಂಪಿನಲ್ಲಿ ಆಗ ಎರಡು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಒಬ್ಬನು, ಈ ಪ್ರಾಣಿ ಯಾವಾಗ ಏನು ಮಾಡೀತೋ ಬಲ್ಲವರಾರು ಎಂದು ಹಿಂದೆ ಸರಿಯುತ್ತಾನೆ. ಇನ್ನೊಬ್ಬನು ಹತ್ತಿದ ಕೂಡಲೇ, ಓಡಿಸಯ್ಯಾ ನೋಡೋಣ ಎನ್ನುತ್ತಾನೆ. ಮೊದಲನೆಯವನಿಗೆ ಕುದುರೆ ಎಂದರೆ ಹುಚ್ಚು ಪ್ರಾಣಿ. ಎರಡನೆಯವನಿಗೆ ಅದು ಬಾಡಿಗೆಯ ಸೈಕಲು. ಇಬ್ಬರೂ ತಿಳಿಯದೆ ಇರುವುದು ಒಂದೇ ಸಂಗತಿ. ಕುದುರೆ ಬಹುಮಟ್ಟಿಗೆ ಏಕಾಏಕಿ ಏನನ್ನೂ ಮಾಡುವುದಿಲ್ಲ. ಮಾಡುವ ಮೊದಲು ಅದು ಹೇಳುತ್ತದೆ. ಆ ಹೇಳಿಕೆಯನ್ನು ಓದಿಕೊಂಡು ದಿನವಿಡೀ ಅದರ ಪಕ್ಕದಲ್ಲಿ ನಡೆಯುವುದೇ ಕುದುರೆಯವನ ಕಸುಬು. ಆ ಕಸುಬಿನ ವಿಚಾರವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗಾಡಿಯಿಲ್ಲದ ಊರು

ಸಹ್ಯಾದ್ರಿಯ ಸಾಲಿನಲ್ಲಿ ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ಈ ಗುಡ್ಡವನ್ನು 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬವನು ಕಂಡು, ಬೇಸಿಗೆಯ ವಾಸಕ್ಕೆ ತಕ್ಕುದೆಂದು ಬಗೆದನು. ಮುಂದೆ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್‌ನ ಕಾಲದಲ್ಲಿ ಅದು ಗಿರಿಧಾಮವಾಗಿ ಬೆಳೆಯಿತು. ನೇರಳಿನಿಂದ ಮೇಲಕ್ಕೆ ಸುತ್ತಿಸುತ್ತಿ ಏರುವ ಪುಟ್ಟ ರೈಲನ್ನು ಸರ್ ಆದಮ್‌ಜಿ ಪೀರ್‌ಭಾಯಿಯವರ ಹಣದಿಂದ ಅವರ ಮಗ ಅಬ್ದುಲ್ ಹುಸೇನರು ಕಟ್ಟಿಸಿದರು. 1907ರಲ್ಲಿ ಅದು ಓಡಲಾರಂಭಿಸಿತು. ಆ ರೈಲು ಬರುವ ಮೊದಲು ಗುಡ್ಡ ಏರಲು ಇದ್ದ ಸಾಧನಗಳೆಂದರೆ ಸ್ವಂತ ಕಾಲು, ಹೊರುವವರ ಹೆಗಲು ಮತ್ತು ಕುದುರೆ. 2003ರಲ್ಲಿ ಕೇಂದ್ರ ಸರಕಾರವು ಮಾಥೇರಾನವನ್ನು ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಪ್ರದೇಶವೆಂದು ಸಾರಿತು. ಆಂಬುಲೆನ್ಸಿನಂಥ ಅಗತ್ಯದ ಗಾಡಿಗಳ ಹೊರತು ಮೋಟಾರಿಗೆ ಅಲ್ಲಿ ಎಡೆಯಿಲ್ಲ. ಆದುದರಿಂದಲೇ ಮುಂಬಯಿಯ ಬೀದಿಗಳಿಂದ ಮರೆಯಾದ ಕುದುರೆ ಅಲ್ಲಿ ಉಳಿದಿದೆ.

ಮುಂಬಯಿಯೂ ಒಮ್ಮೆ ಕುದುರೆಯ ಊರೇ ಆಗಿತ್ತು. 1874ರಲ್ಲಿ ಇಲ್ಲಿ ಟ್ರಾಮು ಬಂದಾಗ ಅದನ್ನು ಎಳೆದದ್ದು ಕುದುರೆ. ವಿದ್ಯುತ್ ಟ್ರಾಮು ಬಂದದ್ದು 1907ರಲ್ಲಿ. ಗೇಟ್‌ವೇ, ಮರೀನ್ ಡ್ರೈವ್‌ಗಳಲ್ಲಿ ಬಹುಕಾಲ ಓಡಾಡಿದ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಮುಂಬಯಿ ಹೈಕೋರ್ಟು ಕಾನೂನುಬಾಹಿರವೆಂದು ತೀರ್ಪಿತ್ತು, ಒಂದು ವರ್ಷದೊಳಗೆ ನಿಲ್ಲಿಸಬೇಕೆಂದು ಅಪ್ಪಣೆ ಮಾಡಿತು. ನಗರದ ಸಾಮಾನ್ಯ ಮನುಷ್ಯನು ಕುದುರೆಯ ಹತ್ತಿರ ನಿಲ್ಲುವ ಸಂದರ್ಭವೇ ಈಗ ವಿರಳ. ಹಿಂದೆ ಜಟಕಾ ಹೊಡೆಯುವವನ ಮಕ್ಕಳಿಗೆ, ಜಟಕಾ ನಿಲ್ಲುವ ಕಟ್ಟೆಯಲ್ಲಿ ಆಡಿದ ಮಕ್ಕಳಿಗೆ ತಾನಾಗಿ ತಿಳಿದಿದ್ದ ವಿಷಯಗಳನ್ನು ಇಂದು ಬರೆದು ಹೇಳಬೇಕಾಗಿದೆ.

ಓಡುವುದೇ ಅದರ ರಕ್ಷಣೆ

ಕುದುರೆಗೆ ಕೊಂಬಿಲ್ಲ, ಉಗುರಿಲ್ಲ, ಕೋರೆಹಲ್ಲಿನ ಬಲವಿಲ್ಲ. ಹುಲ್ಲು ಮೇಯುವ, ಹಿಂಡಿನಲ್ಲಿ ಬಾಳುವ ಪ್ರಾಣಿ ಅದು. ಬಯಲಿನಲ್ಲಿ ಹುಲಿಯೋ ತೋಳವೋ ಎರಗಿದಾಗ ನಿಂತು ವಿಚಾರ ಮಾಡಿದ ಕುದುರೆ ಸತ್ತಿತು. ಮೊದಲು ಓಡಿ ಅನಂತರ ತಿರುಗಿ ನೋಡಿದ ಕುದುರೆ ಬದುಕಿತು. ಇಂದಿನ ಕುದುರೆಗಳೆಲ್ಲ ಆ ಎರಡನೆಯದರ ಸಂತತಿ. ಆದುದರಿಂದ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಫಡಫಡಿಸಿದರೂ ಅದರ ಮೊದಲ ಯೋಚನೆ ಓಟವೇ. ಅದನ್ನು ಹೇಡಿತನವೆನ್ನಬಾರದು, ತುಂಟತನವೆನ್ನಬಾರದು.

ಅದರ ಕಣ್ಣಿನ ರಚನೆಯೂ ಇದಕ್ಕೆ ತಕ್ಕಂತಿದೆ. ನಮ್ಮ ಕಣ್ಣು ಮುಖದ ಮುಂದಿವೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿಯಷ್ಟನ್ನು ಅದು ತಲೆ ತಿರುಗಿಸದೆಯೇ ಕಾಣಬಲ್ಲದು. ಕಾಣದ ಜಾಗಗಳು ಎರಡೇ: ಹಣೆಯ ನೇರ ಮುಂದೆ ಮೂಗಿನ ಹತ್ತಿರ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ. ಹಿಂದಿನಿಂದ ಸದ್ದಿಲ್ಲದೆ ಬಂದು ಬೆನ್ನು ತಟ್ಟಿದವನು ಒದೆ ತಿನ್ನುವುದು ಈ ಕಾರಣದಿಂದ. ಮುಟ್ಟಿದ್ದು ಮನುಷ್ಯನೋ ಮೃಗವೋ ಎಂಬುದು ಅದಕ್ಕೆ ಕಾಣದು. ಕಾಲು ಮೊದಲು ಉತ್ತರ ಹೇಳುತ್ತದೆ. ಜಟಕಾ ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಿದ್ದುದೂ ಇದಕ್ಕಾಗಿಯೇ. ಹಿಂದೆ ಉರುಳುವ ಚಕ್ರ, ಪಕ್ಕದಲ್ಲಿ ಹಾಯುವ ಮೋಟಾರು ಕಾಣಿಸದಿದ್ದರೆ ಅದು ಮುಂದಿನ ದಾರಿಯಲ್ಲಿ ನೆಟ್ಟಗೆ ಹೋಗುತ್ತದೆ.

ಇನ್ನೊಂದು ವಿಷಯ. ಬೆಳಕಿನಿಂದ ಕತ್ತಲಿಗೆ ಹೋದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಮಾಥೇರಾನದ ದಾರಿಗಳ ಮೇಲೆ ಮರಗಳು ಕವಿದಿವೆ. ಕೆಂಪು ಮಣ್ಣಿನ ದಾರಿಯ ಮೇಲೆ ಬಿಸಿಲೂ ನೆರಳೂ ತುಂಡುತುಂಡಾಗಿ ಬಿದ್ದಿರುತ್ತವೆ. ನಮಗೆ ಹಿತವಾದ ಆ ನೆರಳು ಕುದುರೆಗೆ ಒಂದು ಹಳ್ಳದಂತೆ ಕಾಣಬಹುದು. ಅದು ನೆರಳಿನ ಅಂಚಿನಲ್ಲಿ ಗಕ್ಕನೆ ನಿಂತರೆ, ಮೇಲೆ ಕುಳಿತವನು 'ಹಠಮಾರಿ' ಎಂದು ಹಿಮ್ಮಡಿಯಿಂದ ತಿವಿಯುತ್ತಾನೆ. ಕುದುರೆಯವನು ಹಾಗೆ ಮಾಡುವುದಿಲ್ಲ. ಒಂದು ಗಳಿಗೆ ನಿಲ್ಲಲು ಬಿಟ್ಟು, ತಲೆ ತಗ್ಗಿಸಿ ಮೂಸಲು ಬಿಟ್ಟು, ಅನಂತರ ತಾನು ಮೊದಲು ಹೆಜ್ಜೆ ಇಡುತ್ತಾನೆ. ಅವನು ಹೋದ ಮೇಲೆ ಕುದುರೆ ಹಿಂಬಾಲಿಸುತ್ತದೆ.

ಕಿವಿಯೇ ನಾಲಿಗೆ

ಕುದುರೆ ಕೆನೆಯುವುದು ಕಡಿಮೆ. ಅದರ ಮಾತೆಲ್ಲ ಕಿವಿಯಲ್ಲಿದೆ. ಎರಡು ಕಿವಿಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆ ಕಡೆಗೆ ತಿರುಗಬಲ್ಲವು. ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ ಇದ್ದರೆ ಅದು ದಾರಿಯನ್ನೂ ಬೆನ್ನಿನ ಮೇಲಿನವನನ್ನೂ ಕೂಡಿಯೇ ಗಮನಿಸುತ್ತಿದೆ ಎಂದು ಅರ್ಥ. ಇದು ಒಳ್ಳೆಯ ಲಕ್ಷಣ. ಎರಡೂ ಕಿವಿ ಸೆಟೆದು ಒಂದೇ ಕಡೆಗೆ ನೆಟ್ಟು, ಕತ್ತು ಎತ್ತರವಾಗಿ, ಮೂಗಿನ ಹೊಳ್ಳೆ ಅಗಲವಾದರೆ ಅಲ್ಲಿ ಏನೋ ಅದರ ಕಣ್ಣಿಗೆ ಬಿದ್ದಿದೆ. ಅದು ಪೊದೆಯಲ್ಲಿ ಅಡಗಿದ ಕೋತಿಯಾಗಿರಬಹುದು, ತಿರುವಿನಾಚೆಯ ರೈಲಿನ ಸಿಳ್ಳೆಯಾಗಿರಬಹುದು. ಓಟಕ್ಕೆ ಇನ್ನು ಎರಡೋ ಮೂರೋ ಕ್ಷಣ ಮಾತ್ರ ಬಾಕಿ. ಕಿವಿಗಳು ಹಿಂದಕ್ಕೆ ಮಡಚಿ ಕುತ್ತಿಗೆಗೆ ಅಂಟಿಕೊಂಡರೆ ಅದು ಸಿಟ್ಟು. ಕಚ್ಚುವುದೋ ಒದೆಯುವುದೋ ಮುಂದಿನ ಕೆಲಸ. ಕಿವಿ ಜೋಲುಬಿದ್ದು, ಒಂದು ಹಿಂಗಾಲು ಮಡಚಿ, ಕೆಳತುಟಿ ಸಡಿಲವಾಗಿದ್ದರೆ ಅದು ನಿಂತಲ್ಲಿಯೇ ತೂಕಡಿಸುತ್ತಿದೆ. ಕುದುರೆ ನಿಂತೂ ನಿದ್ರಿಸಬಲ್ಲದು. ಆಗ ಕರೆದು ಎಚ್ಚರಿಸದೆ ಮುಟ್ಟಬಾರದು.

ಬಾಲವೂ ಮಾತಾಡುತ್ತದೆ. ನೊಣ ಓಡಿಸುವ ಬೀಸು ಬೇರೆ, ಬೇಸರದ ಬಿರುಸು ಬೀಸು ಬೇರೆ, ಹೆದರಿ ತೊಡೆಗಳ ನಡುವೆ ಒತ್ತಿಕೊಳ್ಳುವುದು ಬೇರೆ. ಕಚೇರಿಯಲ್ಲಿ ಸಾಹೇಬರ ಹುಬ್ಬು ನೋಡಿ, ಫೈಲನ್ನು ಈಗ ಒಳಗೊಯ್ಯಲೋ ಊಟದ ಮೇಲೆ ಒಯ್ಯಲೋ ಎಂದು ತೀರ್ಮಾನಿಸುವ ಗುಮಾಸ್ತರಿಗೆ ಈ ವಿದ್ಯೆ ತೀರ ಹೊಸದೇನೂ ಅಲ್ಲ. ಆದರೆ ಸಾಹೇಬರು ತಮ್ಮ ಸಿಟ್ಟನ್ನು ಮುಚ್ಚಿಡಬಲ್ಲರು. ಕುದುರೆಗೆ ಆ ಕಪಟ ಬಾರದು.

ಕುದುರೆಯವನ ಕೆಲಸ

ಹೊರಗಿನಿಂದ ನೋಡಿದರೆ ಅವನ ಕೆಲಸ ಹಗ್ಗ ಹಿಡಿದು ನಡೆಯುವುದಷ್ಟೇ. ಆದರೆ ಗಿರಾಕಿಯನ್ನು ಹತ್ತಿಸುವ ಮೊದಲೇ ಅವನ ಅರ್ಧ ಕೆಲಸ ಮುಗಿದಿರುತ್ತದೆ. ಯಾರನ್ನು ಯಾವ ಕುದುರೆಯ ಮೇಲೆ ಕೂರಿಸಬೇಕೆಂಬುದು ಮೊದಲ ತೀರ್ಮಾನ. ಹೆದರಿದವನಿಗೆ ಮುದಿಯ ಸಾಧು ಕುದುರೆ, ಜಂಬದವನಿಗೂ ಅದೇ. ಯಾವ ಕುದುರೆಗೆ ಯಾವುದು ಆಗದು ಎಂಬುದು ಎರಡನೆಯದು. ಹಿಂಡಿನಲ್ಲಿ ಹಿರಿತನ ಕಿರಿತನಗಳುಂಟು, ಸ್ನೇಹ ವೈರಗಳುಂಟು. ಆಗದ ಎರಡು ಕುದುರೆಗಳನ್ನು ಹಿಂದೆ ಮುಂದೆ ನಡೆಸಿದರೆ ಹಿಂದಿನದು ಕಚ್ಚುತ್ತದೆ, ಮುಂದಿನದು ಒದೆಯುತ್ತದೆ, ಪೆಟ್ಟು ಬೀಳುವುದು ಸವಾರನ ಮೊಣಕಾಲಿಗೆ. ಆದುದರಿಂದ ಎರಡು ಕುದುರೆಗಳ ನಡುವೆ ಒಂದು ಕುದುರೆಯುದ್ದದ ಜಾಗವಿರಬೇಕು.

ಆಮೇಲೆ ಜೀನು. ಹೊಟ್ಟೆಯ ಸುತ್ತ ಬಿಗಿಯುವ ಪಟ್ಟಿಗೆ ಅವರು ತಂಗ ಎನ್ನುತ್ತಾರೆ. ಅದನ್ನು ಬಿಗಿಯುವಾಗ ಕೆಲವು ಕುದುರೆಗಳು ಉಸಿರು ಕಟ್ಟಿ ಮೈ ಬಿಗಿಹಿಡಿಯುತ್ತವೆ. ನಾಲ್ಕು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲವಾಗುತ್ತದೆ. ಬಲ್ಲವನು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯುತ್ತಾನೆ. ಇವನೇಕೆ ದಾರಿಯಲ್ಲಿ ಹೊತ್ತು ಕಳೆಯುತ್ತಾನೆ ಎಂದು ಗೊಣಗುವ ಗಿರಾಕಿಗೆ, ಜೀನು ಪಕ್ಕಕ್ಕೆ ಜಾರಿದರೆ ತಾನು ಕುದುರೆಯ ಹೊಟ್ಟೆಯ ಕೆಳಗೆ ತೂಗಾಡಬೇಕಾದೀತೆಂಬುದು ತಿಳಿದಿರುವುದಿಲ್ಲ.

ನಡೆಯುವಾಗ ಅವನು ಕುದುರೆಯ ಹೆಗಲಿಗೆ ಸಮನಾಗಿ ಇರುತ್ತಾನೆ, ಅದರ ಕಣ್ಣಿಗೆ ಕಾಣುವಂತೆ. ಹಗ್ಗವನ್ನು ಕೈಯಲ್ಲಿ ಮಡಚಿ ಹಿಡಿಯುತ್ತಾನೆಯೇ ಹೊರತು ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು. ಸುತ್ತಿದ ಹಗ್ಗವನ್ನು ಬೆದರಿದ ಕುದುರೆ ಎಳೆದರೆ ಬೆರಳು ಹೋಗಬಹುದು, ಮನುಷ್ಯನೇ ನೆಲದ ಮೇಲೆ ಎಳೆದುಹೋಗಬಹುದು. ಮುನ್ನೂರು ನಾನೂರು ಕಿಲೋ ತೂಗುವ ಪ್ರಾಣಿಯೊಡನೆ ಬಲದ ಸ್ಪರ್ಧೆಯಲ್ಲಿ ಗೆಲ್ಲುವವರಿಲ್ಲ. ಅದಕ್ಕೆ ಉಪಾಯ ಬೇರೆ. ಬೆದರಿದ ಕುದುರೆಯನ್ನು ನೇರವಾಗಿ ಹಿಂದಕ್ಕೆ ಜಗ್ಗದೆ, ತಲೆಯನ್ನು ಒಂದು ಪಕ್ಕಕ್ಕೆ ಬಾಗಿಸಿ ಸಣ್ಣ ವೃತ್ತದಲ್ಲಿ ತಿರುಗಿಸುತ್ತಾರೆ. ತಿರುಗುವಾಗ ಹಿಂಗಾಲುಗಳು ಒಂದನ್ನೊಂದು ದಾಟಬೇಕಾಗುತ್ತದೆ. ಅದರಿಂದ ಮುಂದೆ ನುಗ್ಗುವ ಶಕ್ತಿ ಮುರಿಯುತ್ತದೆ. ಎರಡು ಸುತ್ತಿನಲ್ಲಿ ಓಡುವ ಬುದ್ಧಿ ಇಳಿದು, ನಿಲ್ಲುವ ಬುದ್ಧಿ ಬರುತ್ತದೆ. ಆಗ ಅವನ ದನಿಯೂ ತಗ್ಗಿರಬೇಕು. ಕೂಗಾಟವೆಂದರೆ ಕುದುರೆಗೆ, ಭಯಪಡಲು ಕಾರಣವಿದೆ ಎಂಬ ಸಾಕ್ಷಿ.

ಗುಂಪಿನಲ್ಲಿ ಒಂದು ಓಡಿದರೆ ಉಳಿದವೂ ಓಡುತ್ತವೆ. ಕಾರಣ ಕೇಳುತ್ತ ನಿಲ್ಲುವುದು ಹಿಂಡಿನ ಧರ್ಮವಲ್ಲ. ಆದುದರಿಂದ ಧೈರ್ಯದ ಕುದುರೆಯನ್ನು ಮುಂದೆ ನಡೆಸುತ್ತಾರೆ. ಮರಳುವ ದಾರಿಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಲಾಯದ ದಿಕ್ಕು ಹಿಡಿದೊಡನೆ, ಮೇವಿನ ನೆನಪಿನಿಂದ ಸೋಮಾರಿ ಕುದುರೆಯ ಕಾಲಿಗೂ ಬಿರುಸು ಬರುತ್ತದೆ. ಸಂಜೆ ಆರಕ್ಕೆ ಗಿರಣಿಯ ಬಾಗಿಲಿನಿಂದ ಹೊರಬೀಳುವವರ ನಡಿಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋವು ಮತ್ತು ಹಸಿವು

ಬೆದರುವ ಕುದುರೆ ಒಂದು ಬಗೆ; ನೊಂದ ಕುದುರೆ ಇನ್ನೊಂದು ಬಗೆ. ಎಂದೂ ಸಾಧುವಾಗಿದ್ದ ಕುದುರೆ ಒಂದು ದಿನ ಹತ್ತಲು ಬಿಡದಿದ್ದರೆ, ಕಾರಣವನ್ನು ಅದರ ಗುಣದಲ್ಲಿ ಹುಡುಕುವ ಮೊದಲು ಬೆನ್ನಿನಲ್ಲಿ ಹುಡುಕಬೇಕು. ಜೀನಿನ ಕೆಳಗೆ ಹುಣ್ಣಾಗಿದ್ದರೆ, ಗೊರಸಿನಲ್ಲಿ ಕಲ್ಲು ಸಿಕ್ಕಿದ್ದರೆ, ಲಾಳ ಸಡಿಲವಾಗಿದ್ದರೆ, ಕಡಿವಾಣ ಬಾಯಿ ಸೀಳಿದ್ದರೆ ಅದು ಬೇರೆ ಹೇಗೆ ಹೇಳೀತು? ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಗಳಿಗೊಮ್ಮೆ ಅದನ್ನು ಕೆತ್ತಿ ಲಾಳ ಕಟ್ಟಿಸಬೇಕು.

ಹೊಟ್ಟೆಯ ವಿಚಾರವೂ ಹೀಗೆಯೇ. ದೇಹದ ಗಾತ್ರಕ್ಕೆ ಹೋಲಿಸಿದರೆ ಕುದುರೆಯ ಜಠರ ಚಿಕ್ಕದು. ಎತ್ತಿನಂತೆ ಒಮ್ಮೆ ತಿಂದು ಮೆಲುಕು ಹಾಕುವ ಅನುಕೂಲ ಅದಕ್ಕಿಲ್ಲ. ಸ್ವಲ್ಪ ಸ್ವಲ್ಪವಾಗಿ ದಿನದ ಬಹುಭಾಗ ಮೇಯುತ್ತಿರುವುದು ಅದರ ಸ್ವಭಾವ. ಹಸಿದಿಟ್ಟು ಒಮ್ಮೆಲೇ ಕಾಳು ತಿನ್ನಿಸಿದರೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲದ ಕಾರಣ ಆ ಶೂಲೆ ಪ್ರಾಣಕ್ಕೇ ಮುಳುವಾಗಬಹುದು. ಪ್ರವಾಸಿಗಳು ಪ್ರೀತಿಯಿಂದ ತಿನ್ನಿಸುವ ಬಿಸ್ಕತ್ತು, ವಡಾಪಾವುಗಳು ಅದಕ್ಕೆ ಉಪಕಾರವಲ್ಲ.

ಹೊರೆಯ ಲೆಕ್ಕವೂ ಇದೆ. ಬೆನ್ನಿನ ಮೇಲಿನ ಭಾರ ಕುದುರೆಯ ತೂಕದ ಐದರಲ್ಲಿ ಒಂದು ಪಾಲನ್ನು ಮೀರದಿರುವುದು ಒಳ್ಳೆಯದೆಂದು ಬಲ್ಲವರ ಸ್ಥೂಲವಾದ ಅಂದಾಜು. ಕುದುರೆ 350 ಕಿಲೋ ಇದ್ದರೆ, ಜೀನೂ ಸೇರಿ 70 ಕಿಲೋ. ಕುರ್ಚಿಯಲ್ಲಿ ಕುಳಿತು ದುಡಿದು ಹೊಟ್ಟೆ ಬೆಳೆಸಿದ ನಮ್ಮಂಥವರು ಹತ್ತುವ ಮೊದಲು ಈ ಲೆಕ್ಕ ಮಾಡಿಕೊಂಡರೆ ತಪ್ಪಿಲ್ಲ.

ಇಲ್ಲಿ ಕುದುರೆಯವನ ಸಂಕಟವನ್ನೂ ನೋಡಬೇಕು. ಕುದುರೆ ನಡೆಸುವವನೇ ಅದರ ಒಡೆಯನಾಗಿರಬೇಕೆಂದಿಲ್ಲ. ಕೂಲಿಗೆ ನಡೆಸುವವರೂ ಉಂಟು. ಗಿರಾಕಿ ಬಂದರೂ ಬರದಿದ್ದರೂ ಕುದುರೆ ತಿನ್ನಬೇಕು; ಮೇವು ಗುಡ್ಡದ ಕೆಳಗಿನಿಂದ ಏರಿ ಬರಬೇಕು. ಮಳೆಗಾಲದಲ್ಲಿ ಜನ ಕಡಿಮೆ, ದಾರಿ ಕೆಸರು. ಆದುದರಿಂದ ಜನ ನೆರೆಯುವ ಶನಿವಾರ ಭಾನುವಾರಗಳಲ್ಲಿ, ದೀಪಾವಳಿಯ ಮತ್ತು ಬೇಸಿಗೆಯ ರಜೆಗಳಲ್ಲಿ ಒಂದು ಸುತ್ತು ಹೆಚ್ಚಿಗೆ ಹೊಡೆಯಬೇಕೆಂಬ ಒತ್ತಡ ಅವನ ಮೇಲಿರುತ್ತದೆ. ನಾವು ದರದಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣ ಆ ಹೆಚ್ಚಿನ ಸುತ್ತಾಗಿ ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ. ದಣಿದ ಕುದುರೆ ಎಡವುತ್ತದೆ, ಸಿಡುಕುತ್ತದೆ. 'ನಂಬಲಾಗದ ಕುದುರೆ' ಎಂಬುದು ಎಷ್ಟೋ ವೇಳೆ ಹೀಗೆ ತಯಾರಾದದ್ದು.

ಹತ್ತುವವರಿಗೆ ನಾಲ್ಕು ಸೂಚನೆ

ಮಾಥೇರಾನದಲ್ಲಿ ಕುದುರೆಯಿಂದ ಬಿದ್ದು ಪ್ರಾಣ ಕಳೆದುಕೊಂಡ ಪ್ರವಾಸಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದುಂಟು. ಆದುದರಿಂದ ಈ ಮಾತುಗಳು ಕೇವಲ ಉಪದೇಶವಲ್ಲ.

ಮೊದಲನೆಯದಾಗಿ, ದರವನ್ನೂ ಹೊತ್ತನ್ನೂ ಹತ್ತುವ ಮೊದಲೇ ನಿಶ್ಚಯಿಸಿಕೊಳ್ಳಿರಿ. ತಲೆಗೆ ಶಿರಸ್ತ್ರಾಣವಿದೆಯೇ ಎಂದು ಕೇಳಿರಿ. ಬೆನ್ನಿನಲ್ಲಿ ಹುಣ್ಣಿರುವ, ಕುಂಟುವ ಕುದುರೆಯನ್ನು ಬೇಡವೆನ್ನಿರಿ. ಬೇರೆ ಕುದುರೆ ಕೊಡೆಂದು ಕೇಳಲು ನಾಚಿಕೆ ಬೇಡ.

ಎರಡನೆಯದಾಗಿ, ಕುದುರೆಯ ಹಿಂದಿನಿಂದ ಹೋಗದೆ, ಹೆಗಲಿನ ಕಡೆಯಿಂದ ಮಾತಾಡಿಸುತ್ತ ಹತ್ತಿರ ಹೋಗಿರಿ. ರಿಕಾಪಿನಲ್ಲಿ ಪಾದದ ಮುಂಭಾಗವನ್ನಷ್ಟೇ ಇಡಬೇಕು. ಪಾದವನ್ನು ಪೂರ್ತಿ ತೂರಿಸಿದರೆ, ಬಿದ್ದಾಗ ಕಾಲು ಸಿಕ್ಕಿಕೊಂಡು ಕುದುರೆಯೊಡನೆ ಎಳೆದುಹೋಗುವ ಭಯವಿದೆ. ಚಪ್ಪಲಿಗಿಂತ ಹಿಮ್ಮಡಿಯುಳ್ಳ ಬೂಟು ಲೇಸು. ಹೆಂಗಸರು ಸೆರಗನ್ನೂ ದುಪಟ್ಟಾವನ್ನೂ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಕುದುರೆಯ ಮೇಲೆ ಕುಳಿತು ಕೊಡೆ ಬಿಚ್ಚಬಾರದು, ಪ್ಲಾಸ್ಟಿಕ್ ಹೊದಿಕೆ ಝಾಡಿಸಬಾರದು, ಮೊಬೈಲು ಎತ್ತಿ ಚಿತ್ರ ತೆಗೆಯಬಾರದು. ಏರು ಬಂದಾಗ ಮೈಯನ್ನು ತುಸು ಮುಂದಕ್ಕೆ ಬಾಗಿಸಿ, ಇಳಿಜಾರಿನಲ್ಲಿ ತುಸು ಹಿಂದಕ್ಕೆ ಒರಗಿ ಕುಳಿತುಕೊಳ್ಳಿರಿ.

ಮೂರನೆಯದು ಮುಖ್ಯ. 'ಓಡಿಸು' ಎನ್ನಬೇಡಿರಿ. ಓಟದ ಕುದುರೆಯ ಮೇಲೆ ಕುಳಿತುಕೊಳ್ಳುವುದು ಕಲಿತು ಮಾಡಬೇಕಾದ ಕೆಲಸ. ಹೆಚ್ಚಿನ ಹಣದ ಆಸೆ ತೋರಿಸಿ ಕುದುರೆಯವನ ಕೈಯಿಂದ ಹಗ್ಗ ಬಿಡಿಸುವುದು, ನಡೆಯುವ ರೈಲಿನ ಬಾಗಿಲಿನಲ್ಲಿ ಜೋತಾಡಿದಂತೆಯೇ.

ನಾಲ್ಕನೆಯದು, ಕುದುರೆ ಓಡಿಯೇಬಿಟ್ಟರೆ ಕಿರಿಚಬೇಡಿರಿ, ಧುಮುಕಬೇಡಿರಿ. ಒಂದು ಕೈಯಿಂದ ಜೀನಿನ ಮುಂದಿನ ಹಿಡಿಯನ್ನೋ ಕೇಸರವನ್ನೋ ಹಿಡಿದು, ಬೆನ್ನು ನೆಟ್ಟಗಿಟ್ಟು ಜೀನಿನಲ್ಲಿ ಭಾರವಾಗಿ ಕುಳಿತುಕೊಳ್ಳಿರಿ. ಲಗಾಮು ಕೈಯಲ್ಲಿದ್ದರೆ ಎರಡನ್ನೂ ಒಟ್ಟಿಗೆ ಜಗ್ಗಿ ಹಿಡಿಯದೆ, ಒಂದು ಪಕ್ಕದ್ದನ್ನು ಎಳೆದು ಬಿಟ್ಟು, ಎಳೆದು ಬಿಟ್ಟು, ಜಾಗವಿದ್ದ ಕಡೆಗೆ ಸ್ವಲ್ಪಸ್ವಲ್ಪವಾಗಿ ತಿರುಗಿಸಿರಿ. ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲವೆಂದು ತೋರಿದರೂ ವೈದ್ಯರಿಗೆ ತೋರಿಸಲೇಬೇಕು.

ಮುಂದಿನ ದಾರಿ

ಮಾಥೇರಾನದಲ್ಲಿ ಪರವಾನಗಿ ಪಡೆದ ಕುದುರೆಗಳು ನಾನೂರಕ್ಕೂ ಹೆಚ್ಚು. ಅವನ್ನೇ ನಂಬಿದ ಕುಟುಂಬಗಳ ಬದುಕು ಈಚೆಗೆ ಬದಲಾವಣೆಯ ಗಾಳಿಗೆ ಸಿಕ್ಕಿದೆ. ಸುಪ್ರೀಮ್ ಕೋರ್ಟು 2022ರಲ್ಲಿ ವಿದ್ಯುತ್ ರಿಕ್ಷಾಗಳನ್ನು ಪ್ರಯೋಗಕ್ಕೆಂದು ಓಡಿಸಲು ಅನುಮತಿ ಕೊಟ್ಟಿತು. ಮನುಷ್ಯರು ಕೈಯಿಂದ ಎಳೆಯುವ ರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಬೇಕೆಂದು ಅದೇ ಕೋರ್ಟು 2025ರ ಆಗಸ್ಟಿನಲ್ಲಿ ಆಜ್ಞಾಪಿಸಿತು. ಮನುಷ್ಯನನ್ನು ಮನುಷ್ಯನು ಎಳೆಯುವ ಪದ್ಧತಿ ಹೋಗಬೇಕಾದದ್ದೇ. ಶಾಲೆಯ ಮಕ್ಕಳಿಗೂ ರೋಗಿಗಳಿಗೂ ಹೊಸ ರಿಕ್ಷಾ ಅನುಕೂಲವಾದದ್ದೂ ನಿಜ. ಆದರೆ ರಸ್ತೆಗೆ ಹಾಸಿದ ಇಟ್ಟಿಗೆಯಂಥ ಬಿಲ್ಲೆಗಳ ಮೇಲೆ ಕುದುರೆಯ ಲಾಳ ಜಾರುತ್ತದೆಂದು ಕುದುರೆಯವರು ತಕರಾರು ಎತ್ತಿದರು, ಕೋರ್ಟಿಗೂ ಹೋದರು. ದಸ್ತೂರಿಯಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಗೆ ಬಿಲ್ಲೆ ಹಾಸಬಹುದು, ಒಳದಾರಿಗಳಿಗೆ ಕೂಡದು ಎಂದು ಆ 2025ರ ಆಜ್ಞೆಯಲ್ಲಿಯೇ ಹೇಳಿದೆ. ಒಳಗಿನ ಕೆಂಪು ಮಣ್ಣಿನ ದಾರಿಗಳಲ್ಲಿ ಕುದುರೆಯ ಗೊರಸಿಗೆ ಇನ್ನೂ ನೆಲೆಯುಂಟು.

ಸಾಮಾನು ಸರಂಜಾಮು ರಿಕ್ಷಾದಲ್ಲಿ ಹೋಗಬಹುದು. ಆದರೆ ಪ್ಯಾನೊರಮಾ ಪಾಯಿಂಟಿನ ಕಡೆಗೆ ಮರಗಳ ನಡುವೆ ಸಾಗುವ ಆ ಮಣ್ಣಿನ ದಾರಿಗೆ, ಅದರ ಬಿಸಿಲು ನೆರಳುಗಳನ್ನು ಬಲ್ಲ ಕುದುರೆ ಮತ್ತು ಆ ಕುದುರೆಯನ್ನು ಬಲ್ಲ ಮನುಷ್ಯ ಇವರ ಜೋಡಿಯೇ ತಕ್ಕದ್ದು. ನಮ್ಮಂತೆಯೇ ಅವನೂ ದಿನದ ದುಡಿಮೆಯಿಂದ ಮನೆ ನಡೆಸುವವನು. ಅವನ ಜೊತೆಗಾರನಿಗೆ ಮಾತ್ರ ಮಾತು ಬಾರದು. ಮುಂದಿನ ಸಲ ಅಲ್ಲಿಗೆ ಹೋದವರು ಕುದುರೆ ಹತ್ತುವ ಮೊದಲು ಒಂದು ನಿಮಿಷ ನಿಂತು ಅದರ ಕಿವಿಗಳನ್ನು ನೋಡಿರಿ, ಅದರ ಹೆಸರೇನೆಂದು ಕುದುರೆಯವನನ್ನು ಕೇಳಿರಿ, ದಾರಿಯಲ್ಲಿ ಅವನು ನಿಲ್ಲಿಸಿದ ಕಡೆ ತಕರಾರಿಲ್ಲದೆ ನಿಲ್ಲಿರಿ. ಕುದುರೆಯೂ ಅವನೂ ನೀವೂ ಸುಖವಾಗಿ ಲಾಯ ಸೇರಲು ಅಷ್ಟರಿಂದ ಬಹಳ ನೆರವಾಗುತ್ತದೆ.